ಬೇಸಿಗೆಯ ಪೆನ್ನು: ಗಂಗಾವತಿ ಸುತ್ತಮುತ್ತ ಮೂರು ವರ್ಷ ಬ್ರಷ್ ಪೆನ್ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನಾನು ಕಲಾವಿದ ಅಲ್ಲ. ಗಂಗಾವತಿಯ ಒಂದು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು. ಭಾನುವಾರ ಬಂತೆಂದರೆ ಬೈಕ್ ಹತ್ತಿ ಆನೆಗುಂದಿ, ಸಾಣಾಪುರ, ಹಿರೇಬೆಣಕಲ್ ಕಡೆ ಹೋಗುತ್ತೇನೆ. ಎಲ್ಲಾದರೂ ನೆರಳು ನೋಡಿ ಒಂದೆರಡು ತಾಸು ಕೂತು ಗುಡ್ಡ, ಗದ್ದೆ, ಹೊಳೆ ಬರೆಯುತ್ತೇನೆ. ಬಣ್ಣ ಇಲ್ಲ, ಬರೀ ಕಪ್ಪು ಮಸಿ.

2022ರ ಯುಗಾದಿಗೆ ಸ್ವಲ್ಪ ಮುಂಚೆ ಒಂದು ಜಪಾನಿ ಬ್ರಷ್ ಪೆನ್ ತರಿಸಿಕೊಂಡೆ. ಮೂರು ವರ್ಷ ದಾಟಿತು. ವಾರ ಎರಡು ವಾರ ಬಳಸಿ ಹೊಗಳಿದ ವಿಮರ್ಶೆಗಳು ಬೇಕಾದಷ್ಟು ಸಿಗುತ್ತವೆ. ನಮ್ಮ ಕಡೆಯ ಬಿಸಿಲು, ಗಾಳಿ, ಧೂಳು ತಿಂದ ಮೇಲೆ ಇಂಥ ಪೆನ್ನು ಏನಾಗುತ್ತದೆ ಅಂತ ಕನ್ನಡದಲ್ಲಿ ನನ್ನ ಕಣ್ಣಿಗೆ ಒಂದೂ ಬೀಳಲಿಲ್ಲ. ಅದಕ್ಕೆ ಬರೆಯಲು ಕೂತೆ.

ಕಂಪನಿಯ ಹೆಸರು ಹಾಕುತ್ತಿಲ್ಲ. ಈ ಜಾತಿಯ ಪೆನ್ನು ಮೂರು ನಾಲ್ಕು ಕಂಪನಿಯವರು ಮಾಡುತ್ತಾರೆ, ಒಳಗಿನ ಕೆಲಸ ಹೆಚ್ಚು ಕಡಿಮೆ ಒಂದೇ. ತುದಿಯಲ್ಲಿ ನಿಬ್ಬಿನ ಬದಲು ನೈಲಾನ್ ಕೂದಲಿನ ಸಣ್ಣ ಕುಂಚ. ಹಿಂದೆ ಮಸಿ ತುಂಬಿದ ಕಾರ್ಟ್ರಿಜ್. ಒಳಗಿರುವುದು ಕಾರ್ಬನ್ ಮಸಿ, ಅಂದರೆ ದೀಪದ ಕಾಡಿಗೆಯ ಜಾತಿಯದು. ಒಣಗಿದರೆ ನೀರಿಗೆ ಕರಗುವುದಿಲ್ಲ, ಬಿಸಿಲಿಗೆ ಮಾಸುವುದಿಲ್ಲ. ಸ್ಕೆಚ್ ಪೆನ್ನಿನ ಥರ ಸ್ಪಂಜಿನ ತುದಿ ಇರುವ ಅಗ್ಗದ ಪೆನ್ನುಗಳನ್ನೂ ಬ್ರಷ್ ಪೆನ್ ಅಂತಲೇ ಮಾರುತ್ತಾರೆ. ಅದು ಬೇರೆ, ಇದು ಬೇರೆ. ಕೊಳ್ಳುವಾಗ ಕೂದಲು ಇದೆಯಾ ನೋಡಿ.

ಆಗ 1,300 ರೂಪಾಯಿ ಕೊಟ್ಟೆ. ಮನೆಯಲ್ಲಿ ಈ ಅಂಕಿ ಹೇಳಲು ಎರಡು ತಿಂಗಳು ಬೇಕಾಯಿತು.

ಅದಕ್ಕೂ ಮುಂಚೆ ಮಿಲ್ಲಿನ ಫೌಂಟನ್ ಪೆನ್ನಿನಲ್ಲೇ ಬರೆಯುತ್ತಿದ್ದೆ. ಮಾಮೂಲಿ ನೀಲಿ ಮಸಿ. ಅದು ನೀರಿನಲ್ಲಿ ಕರಗಿದ ಬಣ್ಣ, ಬೆಳಕು ಬಿದ್ದರೆ ಬಿಳಿಚಿಕೊಳ್ಳುತ್ತದೆ. ಅಂಜನಾದ್ರಿಯ ಒಂದು ಚಿತ್ರ ಕಷ್ಟಪಟ್ಟು ಬರೆದು ಪಡಸಾಲೆಯ ಗೋಡೆಗೆ ಹಚ್ಚಿದ್ದೆ. ಒಂದೇ ವರ್ಷಕ್ಕೆ ಗುಡ್ಡ ಮಂಜಿನಲ್ಲಿ ನಿಂತಂತೆ ಆಯಿತು. ಹಿರೇಬೆಣಕಲ್ ಗುಡ್ಡ ಹತ್ತುವ ದಾರಿಯಲ್ಲಿ ಬಂಡೆಯ ಮೇಲೆ ಕೆಂಪು ಬಣ್ಣದ ಚಿತ್ರಗಳಿವೆ. ಪ್ರಾಗೈತಿಹಾಸಿಕ ಕಾಲದವು. ದನ, ಜಿಂಕೆ, ಕುಣಿಯುವ ಮನುಷ್ಯರು ಇಂದಿಗೂ ಕಾಣುತ್ತಾರೆ. ಮೇಲೆ ಹೋದರೆ ಜನ ಮೋರ್ಯರ ಮನೆ ಅನ್ನುವ ನಾನೂರಕ್ಕೂ ಹೆಚ್ಚು ಕಲ್ಲಿನ ಗೋರಿಗಳು. ಅಲ್ಲಿ ಕೂತು ನನಗೆ ನಾಚಿಕೆಯಾಯಿತು. ಅವರು ಕೆಮ್ಮಣ್ಣಿನಲ್ಲಿ ಬರೆದದ್ದು ಉಳಿದಿದೆ, ನಾನು ಅಂಗಡಿಯ ಮಸಿಯಲ್ಲಿ ಬರೆದದ್ದು ದೀಪಾವಳಿಯಿಂದ ದೀಪಾವಳಿಗೆ ಉಳಿಯಲಿಲ್ಲ. ಕಾರ್ಬನ್ ಮಸಿಯೇ ಬೇಕು ಅಂತ ಹುಡುಕಲು ಶುರು ಮಾಡಿದ್ದು ಅಲ್ಲಿಂದ.

ಈಗ ಪೆನ್ನಿನ ವಿಷಯ. ಇದನ್ನು ಅರ್ಥ ಮಾಡಿಕೊಳ್ಳಬೇಕಾದರೆ ನಮ್ಮ ಸೀಮೆಯ ನೋಟ ಹೇಗಿದೆ ಅಂತ ಒಂದು ಮಾತು ಹೇಳಬೇಕು. ಮಲೆನಾಡಿನವರು ಋತು ಬರೆಯುವುದಾದರೆ ಗಿಡಮರ ಬರೆದರೆ ಮುಗಿಯಿತು. ನಮ್ಮಲ್ಲಿ ಕಣ್ಣು ಹಾಯಿಸಿದ ಕಡೆಯೆಲ್ಲ ಗುಂಡುಕಲ್ಲು. ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್ ಅದು. ಬಿರುಕಿಗೆ ನೀರು ಇಳಿದು, ಮೂಲೆಗಳು ಮೊದಲು ಸವೆದು ದುಂಡಗಾದ ಕಲ್ಲುಗಳು. ಚೈತ್ರ ಬಂದರೂ ಅಷ್ಟೇ, ಶ್ರಾವಣ ಬಂದರೂ ಅಷ್ಟೇ. ಗುಂಡು ಬದಲಾಗುವುದಿಲ್ಲ. ಬದಲಾಗುವುದು ಎರಡು ಗುಡ್ಡದ ನಡುವಿನ ಜಾಗ. ಒಮ್ಮೆ ಅಲ್ಲಿ ನೀರು, ಒಮ್ಮೆ ಪೈರು, ಒಮ್ಮೆ ಕೊಯ್ದ ಕೂಳೆ, ಒಮ್ಮೆ ಬರೀ ಧೂಳು. ಹಾಗಾಗಿ ನಮ್ಮ ಕಡೆ ಋತು ಬರೆಯುವುದು ಅಂದರೆ ಆ ನಡುವಿನ ಜಾಗ ಬರೆಯುವುದು. ಇದು ನನಗೆ ಹೊಳೆದದ್ದೇ ಈ ಪೆನ್ನಿನಿಂದ. ಯಾಕಂದರೆ ಇದು ಗುಂಡುಕಲ್ಲನ್ನು ಬಲು ಚೆನ್ನಾಗಿ ಬರೆಯುತ್ತದೆ, ನಡುವಿನ ಜಾಗಕ್ಕೆ ಬಂದರೆ ತಡವರಿಸುತ್ತದೆ.

ಬೇಸಿಗೆಯಿಂದ ಶುರು ಮಾಡುತ್ತೇನೆ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ಅಂದರೆ ಯಾರೂ ಹುಬ್ಬೇರಿಸುವುದಿಲ್ಲ. ಬೆಳಗ್ಗೆ ಆರಕ್ಕೆ ಹೋಗಿ ಎಂಟೂವರೆಗೆ ವಾಪಸ್ ಬರಬೇಕು, ಆಮೇಲೆ ಕಲ್ಲು ಕೂರಲು ಬಿಡುವುದಿಲ್ಲ. ಈ ಒಣ ಗಾಳಿಗೆ ಕುಂಚದ ತುದಿಯಲ್ಲಿನ ಮಸಿ ಬೇಗ ಆರುತ್ತದೆ. ಮುಚ್ಚಳ ತೆಗೆದಿಟ್ಟು ಗುಡ್ಡ ನೋಡುತ್ತ ಕೂತರೆ ಎರಡು ನಿಮಿಷಕ್ಕೆ ಕೂದಲು ಬಿರುಸಾಗುತ್ತದೆ. ಮೊದಲು ಇದನ್ನು ದೋಷ ಅಂತಲೇ ಬೈದೆ. ಗೆರೆ ಒಡೆಯುತ್ತಿತ್ತು. ಕಪ್ಪು ಪಟ್ಟಿಯ ಬದಲು ಹರಿದ ಗೋಣಿಚೀಲದ ಹಾಗೆ ಎಳೆ ಎಳೆಯಾಗಿ ಬೀಳುತ್ತಿತ್ತು, ನಡುವೆ ಕಾಗದದ ಬಿಳಿ.

ಒಂದು ದಿನ ಹಾಗೆ ಒಡೆದ ಗೆರೆಯಲ್ಲೇ ಒಂದು ಗುಂಡಿನ ಬೆನ್ನು ಬರೆದುಬಿಟ್ಟೆ. ಬಿಸಿಲು ಬಿದ್ದ ಕಲ್ಲು ಕಾಗದದ ಮೇಲೆ ಎದ್ದು ಕೂತಿತು. ಆ ಒರಟು, ಆ ಹೊಳಪು ನಾನು ಚುಕ್ಕಿ ಇಟ್ಟು ಇಟ್ಟು ತರಲು ಒದ್ದಾಡುತ್ತಿದ್ದದ್ದು. ಚೀನಾದವರು ಹೀಗೆ ಒಡೆದ ಗೆರೆಗೆ ‘ಹಾರುವ ಬಿಳಿ’ ಅಂತ ಹೆಸರೇ ಇಟ್ಟಿದ್ದಾರಂತೆ. ಕುಂಚದಲ್ಲಿ ಮಸಿ ಕಡಿಮೆ ಇರಬೇಕು, ಕೈ ಜೋರಾಗಿ ಓಡಬೇಕು. ನಿಧಾನ ಮಾಡಿದರೆ ಗೆರೆ ತುಂಬಿಕೊಂಡು ಸತ್ತು ಹೋಗುತ್ತದೆ. ನಮ್ಮ ಬೇಸಿಗೆಯಲ್ಲಿ ಇದಕ್ಕೆ ಕಸರತ್ತು ಬೇಡ. ಗಾಳಿಯೇ ಅರ್ಧ ಕೆಲಸ ಮಾಡಿಕೊಡುತ್ತದೆ.

ಇನ್ನೊಂದು ಕಲಿತದ್ದು. ಗುಂಡಿನ ಸುತ್ತ ಗೆರೆ ಎಳೆಯಬೇಡಿ. ಸುತ್ತ ಎಳೆದರೆ ಅದು ಆಲೂಗಡ್ಡೆ ಆಗುತ್ತದೆ. ನನ್ನ ಮೊದಲ ಮೂವತ್ತು ಚಿತ್ರ ಆಲೂಗಡ್ಡೆ ರಾಶಿಯೇ. ಒಂದು ಕಲ್ಲು ಇನ್ನೊಂದರ ಮೇಲೆ ಕೂತ ಸಂದಿ ಇದೆಯಲ್ಲ, ಆ ಕತ್ತಲೆಯನ್ನು ಮಾತ್ರ ಕುಂಚ ಒತ್ತಿ ಬರೆಯಿರಿ. ಬಿಸಿಲಿನ ಕಡೆ ಏನೂ ಬರೆಯಬೇಡಿ. ಈ ಪೆನ್ನು ಒತ್ತಿದರೆ ಬೆರಳಿನ ಅಗಲ, ಎತ್ತಿದರೆ ಕೂದಲಿನಷ್ಟು ಸಣ್ಣ. ಸಂದಿ ಬರೆಯಲು ಇದಕ್ಕಿಂತ ಒಳ್ಳೆಯ ಸಾಮಾನು ನಾನು ಕಂಡಿಲ್ಲ. ಅಂಜನಾದ್ರಿಯ 575 ಮೆಟ್ಟಿಲು ಕೂಡ ಹಾಗೇ. ಮೆಟ್ಟಿಲು ಎಣಿಸಿ ಬರೆಯಲು ಹೋದರೆ ಕೆಟ್ಟಿತು. ಸುತ್ತಲ ಕಲ್ಲು ಕಪ್ಪು ಮಾಡಿ, ಬಿಳಿ ಹಾವಿನ ಥರ ಒಂದು ದಾರಿ ಬಿಟ್ಟರೆ ಅದೇ ಮೆಟ್ಟಿಲು.

ಬೇಸಿಗೆಯ ನಿಜವಾದ ತೊಂದರೆ ಬೇರೆ ಇದೆ, ಅದು ಸೋರುವುದು. ಕಾರ್ಟ್ರಿಜ್ ಅರ್ಧ ಖಾಲಿಯಾದ ಮೇಲೆ ಒಳಗೆ ಗಾಳಿ ಇರುತ್ತದೆ. ಪೆನ್ನು ಕಾದರೆ ಆ ಗಾಳಿ ಹಿಗ್ಗಿ ಮಸಿಯನ್ನು ಹೊರಗೆ ದಬ್ಬುತ್ತದೆ. 2022ರ ಮೇ ತಿಂಗಳಲ್ಲಿ ಪೆನ್ನನ್ನು ಬೈಕಿನ ಸೈಡ್ ಬಾಕ್ಸಿನಲ್ಲಿ ಹಾಕಿ ಮಿಲ್ಲಿನ ಮುಂದೆ ಬಿಸಿಲಲ್ಲಿ ನಿಲ್ಲಿಸಿದ್ದೆ. ಸಂಜೆ ಮುಚ್ಚಳ ತೆಗೆದೆ. ಮದುವೆಗೆ ಹೋಗಲು ಹಾಕಿಕೊಂಡಿದ್ದ ಬಿಳಿ ಅಂಗಿ, ಕಾರ್ಬನ್ ಮಸಿ. ಒಗೆದರೆ ಹೋಗುವ ಮಸಿ ಬೇಡ ಅಂತ ತಾನೇ ನಾನು ಇದನ್ನು ಕೊಂಡಿದ್ದು. ಹೆಂಡತಿ ಅಂಗಿಯನ್ನು ನೋಡಿ, ‘ಚಿತ್ರ ಚಲೋ ಬಂದೈತಿ ಬಿಡ್ರಿ, ಇದನ್ನೂ ಗ್ವಾಡಿಗೆ ಹಚ್ಚೋಣು’ ಅಂದಳು. ಅಂದಿನಿಂದ ಪೆನ್ನು ತುದಿ ಮೇಲೆ ಮಾಡಿ, ಒದ್ದೆ ಬಟ್ಟೆ ಸುತ್ತಿದ ಸ್ಟೀಲ್ ಡಬ್ಬಿಯಲ್ಲಿ ಹೋಗುತ್ತದೆ. ಮತ್ತೆ ಸೋರಿಲ್ಲ.

ಆಷಾಢದ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಗಾಳಿ. ನಾಲ್ಕು ಕ್ಲಿಪ್ ಇಲ್ಲದೆ ಹೊರಗೆ ಹೋಗಬೇಡಿ. ಆ ಒಂದು ತಿಂಗಳು ನನ್ನ ಗೆರೆಗಳೆಲ್ಲ ಒಂದೇ ಕಡೆ ವಾಲಿರುತ್ತವೆ, ಜಾಲಿ ಗಿಡಗಳ ಹಾಗೆ.

ಮಳೆಗಾಲಕ್ಕೆ ಬರೋಣ. ಜಗಳ ಇರುವುದು ಇಲ್ಲೇ. ಜುಲೈನಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟ ಮೇಲೆ ಗಂಗಾವತಿ ಸೀಮೆ ಬೇರೆಯೇ ಊರಾಗುತ್ತದೆ. ಸಸಿ ಮಡಿ, ಕೆಸರು, ನಾಟಿ. ನಾಟಿಗೆ ಮುಂಚಿನ ಎಂಟು ಹತ್ತು ದಿನ ಗದ್ದೆಯಲ್ಲಿ ನೀರು ನಿಂತು ಗುಡ್ಡಗಳೆಲ್ಲ ತಲೆಕೆಳಗಾಗಿ ಕಾಣುತ್ತವೆ. ವರ್ಷದಲ್ಲಿ ಬರೆಯಬೇಕು ಅನ್ನಿಸುವ ದಿನಗಳು ಅವೇ. ಈ ಪೆನ್ನು ಕೈಕೊಡುವುದೂ ಆವಾಗಲೇ.

ಕಾರಣ ಸರಳ. ಇದಕ್ಕೆ ಕಪ್ಪು ಗೊತ್ತು, ಬಿಳಿ ಗೊತ್ತು. ಬೂದು ಗೊತ್ತಿಲ್ಲ. ಮೋಡ, ನೀರು, ದೂರದ ಮಳೆ, ಹಸಿ ಮಣ್ಣು ಎಲ್ಲ ಬೂದು. ಸಾಣಾಪುರದ ಹತ್ತಿರ ಕಾಲುವೆ ದಂಡೆ ಮೇಲೆ ಕೂತು ಬರೆಯುತ್ತಿದ್ದೆ. ಒಬ್ಬ ಅಜ್ಜ ಎಮ್ಮೆ ಹೊಡೆದುಕೊಂಡು ಬಂದವರು ನಿಂತರು.

‘ಏನ್ರೀ ಸಾಹೇಬ್ರ, ಕೆನಾಲ್ ಸರ್ವೇಕ್ಕ ಬಂದೀರೇನು?’

‘ಇಲ್ಲಜ್ಜ, ಸುಮ್ನ ಚಿತ್ರ ಬರಿಯಾಕತ್ತೀನಿ.’

ಬಗ್ಗಿ ನೋಡಿದರು. ತುಂಬಾ ಹೊತ್ತು ನೋಡಿದರು. ‘ಗುಂಡು ಚಲೋ ಬಂದಾವ. ನೀರು ಎಲ್ಲೈತಿ?’

ನಾನು ಬಿಳಿ ಬಿಟ್ಟ ಜಾಗ ತೋರಿಸಿದೆ. ‘ಇದು ನೀರಾ? ನಾನು ನೀವು ಇನ್ನಾ ಬರದಿಲ್ಲ ಅನ್ಕೊಂಡಿದ್ದೆ’ ಅಂದು ಎಮ್ಮೆಯ ಹಿಂದೆ ಹೋದರು. ಈ ಪೆನ್ನಿಗೆ ಸಿಕ್ಕ ವಿಮರ್ಶೆಗಳಲ್ಲಿ ಅತ್ಯಂತ ಸರಿಯಾದದ್ದು ಅದೇ.

ಆಮೇಲೆ ಎರಡು ದಾರಿ ಹುಡುಕಿದೆ. ಒಂದು, ಗೆರೆ ಎಳೆದ ಮೂರು ನಾಲ್ಕು ಸೆಕೆಂಡಿನಲ್ಲಿ ನೀರು ಅದ್ದಿದ ಬೇರೆ ಕುಂಚದಿಂದ ಎಳೆದರೆ ಮಸಿ ಸ್ವಲ್ಪ ಹರಡಿ ಬೂದು ಸಿಗುತ್ತದೆ. ಆಗಸ್ಟಿನ ಹಸಿ ಗಾಳಿಯಲ್ಲಿ ಇದು ನಡೆಯುತ್ತದೆ. ಏಪ್ರಿಲ್‌ನಲ್ಲಿ ಪ್ರಯತ್ನವೇ ಮಾಡಬೇಡಿ, ನೀರಿನ ಕುಂಚ ಎತ್ತುವಷ್ಟರಲ್ಲಿ ಗೆರೆ ಕಲ್ಲಾಗಿರುತ್ತದೆ. ಒಂದೇ ಪೆನ್ನು, ಒಂದೇ ಮಸಿ, ಹವೆ ಬದಲಾದರೆ ಗುಣ ಬದಲು.

ಎರಡನೆಯದು ನನ್ನ ಮಟ್ಟಿಗೆ ನಿಜವಾದ ಉಪಾಯ. ಪೆನ್ನು ಒಳಗಿಟ್ಟು ಬಾಟಲಿ ಮಸಿ ತೆಗೆಯುವುದು. ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಕಪ್ಪು ಡ್ರಾಯಿಂಗ್ ಇಂಕ್. ಮೊಸರಿನ ಖಾಲಿ ಡಬ್ಬಿಯಲ್ಲಿ ನೀರು ಬೆರೆಸಿ ಮೂರು ಹದ ಮಾಡಿಕೊಳ್ಳುತ್ತೇನೆ, ಮಜ್ಜಿಗೆ ತೆಳು ಮಾಡಿದ ಹಾಗೆ. ತೆಳುವಾದದ್ದು ಆಕಾಶಕ್ಕೆ, ನಡುವಿನದು ನೀರಿಗೆ, ಗಟ್ಟಿಯಾದದ್ದು ಗುಂಡಿನ ನೆರಳಿಗೆ. ಪೈರು ಬರೆಯಲು ಹೊಳೆ ದಂಡೆಯ ಜೊಂಡಿನ ಕಡ್ಡಿ ಓರೆಯಾಗಿ ಕತ್ತರಿಸಿಕೊಂಡಿದ್ದೇನೆ. ಹಳೆಯ ಕಾಲದ ಲೆಕ್ಕಣಿಕೆ ಅಂತಾರಲ್ಲ, ಅದೇ. ಒಣಗಿದ ಜೋಳದ ದಂಟಿನಲ್ಲೂ ಮಾಡಿ ನೋಡಿದೆ, ಬೇಗ ಮೆತ್ತಗಾಗುತ್ತದೆ. ಆದರೆ ನಾಟಿ ಮಾಡಿದ ಸಸಿಯ ಸಾಲಿಗೆ ಆ ಮೆತ್ತಗಿನ ತುದಿಯೇ ಸರಿ. ಹಾಗೆ ಒತ್ತಿ ಹೀಗೆ ಎತ್ತಿದರೆ ಒಂದು ಸಸಿ. ದುಡ್ಡಿಲ್ಲದ ಕಡ್ಡಿ 1,300 ರೂಪಾಯಿ ಪೆನ್ನನ್ನು ಸೋಲಿಸಿದ್ದು ಇಲ್ಲೊಂದೇ ಕಡೆ.

ಇಲ್ಲೇ ಒಂದು ಎಚ್ಚರಿಕೆ. ಆ ಬಾಟಲಿ ಮಸಿಯನ್ನು ಬ್ರಷ್ ಪೆನ್ನಿಗೆ ತುಂಬಬೇಡಿ. ಕಾರ್ಟ್ರಿಜ್ ದುಬಾರಿ ಅಂತ ನಾನು ಸಿರಿಂಜಿನಿಂದ ತುಂಬಿದೆ. ನೀರಿಗೆ ಕರಗದ ಡ್ರಾಯಿಂಗ್ ಇಂಕ್ ಬಹಳಷ್ಟರಲ್ಲಿ ಅರಗು ಇರುತ್ತದೆ. ಅರಗು ಅಂದರೆ ಹಳ್ಳಿಯಲ್ಲಿ ಕುಡುಗೋಲಿಗೆ ಹಿಡಿ ಕೂರಿಸಲು ಕಾಸಿ ಹಾಕುತ್ತಿದ್ದರಲ್ಲ, ಆ ಅರಗೇ. ಹಿಡಿಯನ್ನು ಬಿಗಿ ಹಿಡಿಯುವ ವಸ್ತು ಪೆನ್ನಿನ ಕೊಳವೆಯನ್ನು ಬಿಟ್ಟೀತೇ? ಹತ್ತು ದಿನಕ್ಕೆ ಕಟ್ಟಿಕೊಂಡಿತು. ಬಿಸಿನೀರಿಗೆ ಜಗ್ಗಲಿಲ್ಲ. ಮೆಡಿಕಲ್ ಶಾಪಿನ ಸ್ಪಿರಿಟ್‌ನಲ್ಲಿ ನೆನೆಸಿದ ಮೇಲೆ ಸ್ವಲ್ಪ ಬಿಟ್ಟಿತು, ಆದರೆ ಮಸಿ ಮೊದಲಿನ ಹಾಗೆ ಇಳಿಯಲೇ ಇಲ್ಲ. ತಪ್ಪು ಪೆನ್ನಿನದಲ್ಲ, ನನ್ನ ಜಿಪುಣತನದ್ದು. ಇನ್ನೊಂದು ಪೆನ್ನು ತರಿಸಿದೆ. ಹಾಗಾಗಿ ಈಗ ಬಳಸುತ್ತಿರುವುದು ಎರಡನೆಯದು. ಮೊದಲನೆಯದನ್ನು ಎಸೆದಿಲ್ಲ. ಅದರ ಕೂದಲನ್ನು ಬಾಟಲಿಗೆ ಅದ್ದಿ ಮಾಮೂಲಿ ಕುಂಚದ ಥರ ಬಳಸುತ್ತೇನೆ.

ಸುಗ್ಗಿ ಕಾಲದಲ್ಲಿ ಪೆನ್ನು ಮತ್ತೆ ಹಳಿಗೆ ಬರುತ್ತದೆ. ನವೆಂಬರ್, ಡಿಸೆಂಬರ್. ಕೊಯ್ಲು ಯಂತ್ರ ಹೋದ ಜಾಡು, ಕೂಳೆ, ಹುಲ್ಲಿನ ಬಣವೆ, ಬೆಳ್ಳಕ್ಕಿ. ಬೆಳ್ಳಕ್ಕಿಗೆ ಈ ಪೆನ್ನು ಬೇಡವೇ ಬೇಡ. ಹಿಂದಿನ ಕೂಳೆ ಬರೆಯುವಾಗ ಹಕ್ಕಿಯಷ್ಟು ಜಾಗ ಬಿಟ್ಟರೆ ಸಾಕು, ತಾನೇ ಬಂದು ಕೂರುತ್ತದೆ. ಮಿಲ್ಲಿನ ಹತ್ತಿರ ಕೂತರೆ ಮಾತ್ರ ಕಷ್ಟ. ಆಗ ಬಾಯ್ಲರ್ ಹಗಲೂ ರಾತ್ರಿ ಉರಿಯುತ್ತದೆ. ಹೊಟ್ಟಿನ ಬೂದಿ ಹಾರಿ ಬಂದು ಹಸಿ ಗೆರೆಗೆ ಅಂಟುತ್ತದೆ. ಬೂದು ಬಣ್ಣ ಬೇಕು ಬೇಕು ಅಂತ ಅತ್ತವನಿಗೆ ದೇವರು ಹೀಗೆ ಕೊಟ್ಟ.

ಕಾಗದದ ವಿಷಯದಲ್ಲೂ ತಪ್ಪು ಮಾಡಿ ಕಲಿತೆ. ಮಿಲ್ಲಿನ ಲೆಡ್ಜರ್ ಹಾಳೆಯಲ್ಲಿ ಗೆರೆಯ ಅಂಚು ಕೂದಲು ಕೂದಲಾಗಿ ಹಬ್ಬುತ್ತದೆ. 200 ಜಿಎಸ್‌ಎಂ ಕಾರ್ಟ್ರಿಜ್ ಪೇಪರ್, ಅಂದರೆ ಚಿತ್ರ ಬರೆಯುವ ದಪ್ಪ ಕಾಗದ, ದಿನಬಳಕೆಗೆ ಸಾಕು (ಜಿಎಸ್‌ಎಂ ಅಂದರೆ ಕಾಗದದ ತೂಕದ ಅಳತೆ). ನೀರು ಹಚ್ಚುವುದಿದ್ದರೆ 300 ಜಿಎಸ್‌ಎಂ ಬೇಕು, ಇಲ್ಲದಿದ್ದರೆ ಹಪ್ಪಳದ ಹಾಗೆ ಮುದುಡುತ್ತದೆ. ತರಿ ತರಿಯಾದ ಕಾಗದದಲ್ಲಿ ಒಡೆದ ಗೆರೆ ಸೊಗಸಾಗಿ ಬರುತ್ತದೆ, ಆದರೆ ಕುಂಚ ಬೇಗ ಸವೆಯುತ್ತದೆ. ನನ್ನ ಎರಡನೇ ಪೆನ್ನಿನ ತುದಿ ಹದಿನಾಲ್ಕು ತಿಂಗಳಿಗೆ ಕವಲೊಡೆಯಿತು. ಈಗ ಒಂದು ಗೆರೆ ಎಳೆದರೆ ಕೆಲವೊಮ್ಮೆ ಎರಡು ಬೀಳುತ್ತದೆ. ಕಲ್ಲಿಗೆ ಪರವಾಗಿಲ್ಲ. ತೆಂಗಿನ ಗರಿಗಂತೂ ಲಾಭವೇ. ದೋಣಿಯ ಹಗ್ಗ, ಕರೆಂಟ್ ತಂತಿಗೆ ಆಗುವುದಿಲ್ಲ.

ಜಪಾನಿನಲ್ಲಿ ಸೆಶ್ಶು ಅಂತ ಒಬ್ಬ ಸನ್ಯಾಸಿ ಚಿತ್ರಕಾರ ಇದ್ದ. 1486ರಲ್ಲಿ ವಸಂತದಿಂದ ಚಳಿಗಾಲದವರೆಗೆ ನಾಲ್ಕೂ ಋತುಗಳನ್ನು ಒಂದೇ ಸುರುಳಿಯಲ್ಲಿ ಮಸಿಯಿಂದ ಬರೆದ. ಉದ್ದ ಸುಮಾರು 16 ಮೀಟರ್. ಅದನ್ನು ಮೊಬೈಲಿನಲ್ಲಿ ನೋಡಿದ ಮೇಲೆ ಬಿಡಿ ಹಾಳೆ ಬೇಡ ಅನ್ನಿಸಿತು. ಸುರುಳಿ ನಮಗೆ ಆಗಿಬರುವುದಿಲ್ಲ, ಬೈಕಿನಲ್ಲಿ ಹಿಡಿಯಲ್ಲ. ಆದರೆ ನಮ್ಮಲ್ಲೇ ಕಡತ ಇತ್ತಲ್ಲ! ಈಗ ಕಡತ ಅಂದರೆ ಆಫೀಸಿನ ಫೈಲು. ಹಿಂದೆ ಅದು ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲು ಬಳಿದು ಮಡಿಕೆ ಮಡಿಕೆಯಾಗಿ ಮಾಡಿದ ಕಪ್ಪು ಪುಸ್ತಕ. ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದರು. ಲೆಕ್ಕದವನಿಗೆ ಇದಕ್ಕಿಂತ ಏನು ಬೇಕು? ಮಿಲ್ಲಿನ ಲೆಡ್ಜರ್ ಕಟ್ಟುವ ಬೈಂಡರ್ ಹತ್ತಿರ ಬಿಳಿ ಕಾಗದದಲ್ಲಿ ಅಂಥ ಮಡಿಕೆ ಪುಸ್ತಕ ಮಾಡಿಸಿದೆ. ಒಂದೇ ಜಾಗ, ಕಾಲುವೆ ದಂಡೆಯ ಆ ಜಾಗವೇ, ತಿಂಗಳಿಗೆ ಒಂದು ಮಡಿಕೆ.

ಅದನ್ನು ಬಿಚ್ಚಿ ಹಾಸಿದರೆ ಪೆನ್ನಿನ ಚರಿತ್ರೆ ಕಾಣುತ್ತದೆ. ಊರಿನದೂ ಕಾಣುತ್ತದೆ. ಗುಂಡುಗಳು ಅದೇ ಸಾಲಿನಲ್ಲಿ ಮೂರು ವರ್ಷ ಹಾಗೇ ಕೂತಿವೆ. ಕೆಳಗೆ ಮಾತ್ರ ಬೇರೆ ಬೇರೆ. 2023ರಲ್ಲಿ ಮಳೆ ಕೈಕೊಟ್ಟಿತು, ತುಂಗಭದ್ರಾ ಡ್ಯಾಂ ತುಂಬಲಿಲ್ಲ, ಎರಡನೇ ಬೆಳೆಗೆ ನೀರು ಸಿಗಲಿಲ್ಲ. 2024ರ ಜನವರಿಯಿಂದ ನಾಲ್ಕು ಮಡಿಕೆ ಒಂದೇ ಥರ ಇವೆ. ಬಿರಿದ ನೆಲ, ಒಡೆದ ಗೆರೆ. ಪೆನ್ನಿಗೆ ಅದು ಹಬ್ಬ. ನನ್ನ ಅತ್ಯುತ್ತಮ ಗೆರೆಗಳು ಆ ನಾಲ್ಕು ತಿಂಗಳಿನವು. ಮಿಲ್ಲಿನಲ್ಲಿ ಭತ್ತ ಇಲ್ಲದೆ ಪಾಳಿ ಕಡಿಮೆ ಮಾಡಿದ್ದರು, ಅದಕ್ಕೇ ಬರೆಯಲು ಪುರುಸೊತ್ತು ಇತ್ತು. ಈ ಮಾತು ಬರೆಯಲು ಹಿತವಾಗುತ್ತಿಲ್ಲ, ಆದರೆ ನಡೆದದ್ದು ಹಾಗೆ.

ಅದೇ 2024ರಲ್ಲಿ ಡ್ಯಾಂ ತುಂಬಿತು. ಆಗಸ್ಟ್ 10ರ ರಾತ್ರಿ 33 ಗೇಟುಗಳಲ್ಲಿ 19ನೆಯದರ ಚೈನ್ ತುಂಡಾಗಿ ಗೇಟ್ ಕೊಚ್ಚಿಕೊಂಡು ಹೋಯಿತು. ಸುಮಾರು ಒಂದು ವಾರದಲ್ಲಿ, ನೀರು ಹರಿಯುತ್ತಿರುವಾಗಲೇ, ಸ್ಟಾಪ್‌ಲಾಗ್ ಗೇಟ್, ಅಂದರೆ ತಾತ್ಕಾಲಿಕ ತಡೆಗೇಟು, ಇಳಿಸಿ ನಿಲ್ಲಿಸಿದರು. ಆ ವಾರ ಆನೆಗುಂದಿಯಲ್ಲಿ ದೂರದ ಒಂದು ಎತ್ತರದ ಬಂಡೆ ಮೇಲಿಂದ ಹೊಳೆ ನೋಡಿದೆ. ಬ್ರಷ್ ಪೆನ್ ಕೈಯಲ್ಲಿತ್ತು. ಬರೆಯಲು ಹೋದೆ, ನೀರು ಬರಲಿಲ್ಲ. ಕಪ್ಪು ಮಾಡಿದರೆ ಬಂಡೆಯಾಗುತ್ತದೆ, ಬಿಳಿ ಬಿಟ್ಟರೆ ಅಜ್ಜ ಹೇಳಿದ ಹಾಗೆ ಬರೆಯದ ಜಾಗವಾಗುತ್ತದೆ. ಮನೆಗೆ ಬಂದು ಬಾಟಲಿ ಮಸಿ, ಹಳೆಯ ಪೆನ್ನಿನ ಕೂದಲು ತೆಗೆದುಕೊಂಡು ನೆನಪಿನಿಂದ ಬರೆದೆ. ಮಸಿ ಹಾಳೆಯ ಕೆಳಗಿನವರೆಗೆ ಹರಿದು ಪಕ್ಕದ ಮಡಿಕೆಗೂ ಹೋಯಿತು. ಸೆಪ್ಟೆಂಬರಿನ ಚಿತ್ರದ ಕೆಳಗೆ ಈಗಲೂ ಆ ಕಲೆ ಇದೆ. ಅದನ್ನು ಮುಚ್ಚಲು ಹೋಗಲಿಲ್ಲ.

ಅಂಕ ಕೊಡಿ ಅಂದರೆ ಬೇಸಿಗೆ ಮತ್ತು ಸುಗ್ಗಿಗೆ ಐದಕ್ಕೆ ನಾಲ್ಕೂವರೆ. ಮಳೆಗಾಲಕ್ಕೆ ಎರಡು, ಅದೂ ನೀರಿನ ಕುಂಚದ ಪುಣ್ಯದಿಂದ. ಮಲೆನಾಡು, ಕರಾವಳಿಯವರು ಇದನ್ನೇ ಮೊದಲ ಸಾಮಾನಾಗಿ ಕೊಳ್ಳಬೇಡಿ, ಬಾಟಲಿ ಮಸಿಯಿಂದ ಶುರು ಮಾಡಿ. ರಾಯಚೂರು, ಬಳ್ಳಾರಿ, ಕೊಪ್ಪಳದ ಕಡೆಯವರು ಕಣ್ಣು ಮುಚ್ಚಿ ಕೊಳ್ಳಬಹುದು.

ಖರ್ಚಿನ ಲೆಕ್ಕ. ನನಗೆ ಒಂದು ಕಾರ್ಟ್ರಿಜ್ ಐದಾರು ವಾರ ಬರುತ್ತದೆ, ಬೇಸಿಗೆಯಲ್ಲಿ ನಾಲ್ಕೇ ವಾರ. ಗಂಗಾವತಿಯಲ್ಲಿ ನಾನು ಕೇಳಿದ ಅಂಗಡಿಗಳಲ್ಲಿ ಇರಲಿಲ್ಲ. ಆನ್‌ಲೈನ್‌ನಲ್ಲಿ ತರಿಸುವಾಗ ಒಮ್ಮೆ ಮಾರುವವರು ಹಳೆಯ ಸ್ಟಾಕ್ ಕಳಿಸಿದ್ದರು. ನಾಲ್ಕರಲ್ಲಿ ಎರಡು ಗಟ್ಟಿಯಾಗಿದ್ದವು, ವಾಪಸ್ ತೆಗೆದುಕೊಳ್ಳಲು ಹದಿನೈದು ದಿನ ಸತಾಯಿಸಿದರು. ಈಗ ಬೆಂಗಳೂರಿಗೆ ಹೋಗುವ ಪರಿಚಯದವರ ಕೈಯಲ್ಲಿ ತರಿಸುತ್ತೇನೆ, ಒಮ್ಮೆಗೆ ಎರಡು ಪ್ಯಾಕೆಟ್. ಬಂದ ತಕ್ಷಣ ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ನೀರಿನ ಸದ್ದು ಬಂದರೆ ಸರಿ. ಸದ್ದು ಬರದಿದ್ದರೆ ಪೆನ್ನಿಗೆ ಹಾಕಬೇಡಿ, ಅಂದೇ ವಾಪಸ್ ಕಳಿಸಿ.